ಓಡ್ತಿರೋ ಮೆಷಿನ್‌ನಿಂದ ಡಿಸ್ಕ್ ಕೀಳೋದು: ಬೆಂಗಳೂರಿಗೂ ಪಾಲಿರೋ ಒಂದು ಇತಿಹಾಸ

1/10

ವೈಟ್‌ಫೀಲ್ಡ್ ಅಥವಾ ಎಲೆಕ್ಟ್ರಾನಿಕ್ ಸಿಟಿಯ ಯಾವುದಾದ್ರೂ ಸರ್ವರ್ ರೂಮ್ ಒಳಗೆ ಇಣುಕಿದ್ರೆ ರ್ಯಾಕ್‌ಗಳ ಮುಂಭಾಗದಲ್ಲಿ ಸಾಲು ಸಾಲಾಗಿ ಪುಟ್ಟ ಡ್ರಾಯರ್‌ಗಳು ಕಾಣುತ್ತವೆ. ಒಂದೊಂದಕ್ಕೂ ಒಂದು ಹಿಡಿ, ಒಂದು ಹಸಿರು ದೀಪ. ಒಳಗಿರೋದು ಡಿಸ್ಕ್. ಕೆಟ್ಟುಹೋದ ಡಿಸ್ಕಿನ ದೀಪ ಕೆಂಪೋ ಕಿತ್ತಳೆಯೋ ಆಗುತ್ತೆ. ನೈಟ್ ಶಿಫ್ಟ್‌ನಲ್ಲಿರೋ ಹುಡುಗ ಬಂದು ಹಿಡಿ ಎಳೀತಾನೆ, ಹಳೇದನ್ನ ತೆಗೀತಾನೆ, ಹೊಸದನ್ನ ತಳ್ತಾನೆ, ಹೋಗ್ತಾನೆ. ಸರ್ವರ್ ಒಂದು ಕ್ಷಣಕ್ಕೂ ನಿಲ್ಲಲ್ಲ. ಅದೇ ಹೊತ್ತಿಗೆ ಯಾರೋ ಬಸ್ ಟಿಕೆಟ್ ಬುಕ್ ಮಾಡ್ತಿರ್ತಾರೆ, ಯಾರೋ ಊರಿಗೆ ದುಡ್ಡು ಕಳಿಸ್ತಿರ್ತಾರೆ. ಅವರಿಗೆ ಇದು ಗೊತ್ತೇ ಆಗಲ್ಲ.

ಇದಕ್ಕೆ ಹಾಟ್ ಸ್ವ್ಯಾಪ್ ಅಂತಾರೆ.

ನೋಡೋಕೆ ಏನೂ ಇಲ್ಲ ಅನ್ಸುತ್ತೆ ಅಲ್ವಾ? ಆದ್ರೆ ಪೀಣ್ಯದ ಯಾವುದಾದ್ರೂ ವರ್ಕ್‌ಶಾಪ್‌ಗೆ ಹೋಗಿ, ಲೇತ್ ತಿರುಗ್ತಿರುವಾಗಲೇ ಜಾಬ್ ಬಿಚ್ಚೋಕೆ ಕೈ ಹಾಕಿ ನೋಡಿ. ಪಕ್ಕದಲ್ಲಿರೋರು ಕಿರುಚಿಕೊಳ್ತಾರೆ. ಮೊದಲು ಸ್ಪಿಂಡಲ್ ನಿಲ್ಲಬೇಕು, ಆಮೇಲೆ ಕೈ. ಹಾರ್ಡ್ ಡಿಸ್ಕ್ ಒಳಗೂ ಒಂದು ಸ್ಪಿಂಡಲ್ ಇದೆ, ನಿಮಿಷಕ್ಕೆ 7,200 ಸುತ್ತು ತಿರುಗುತ್ತೆ. ಅದನ್ನ ಕೆಲಸದ ಮಧ್ಯದಲ್ಲೇ ಎಳೆದು ತೆಗೆಯೋ ಧೈರ್ಯ ನಮಗೆ ಎಲ್ಲಿಂದ ಬಂತು?

ಉತ್ತರದ ಸ್ವಲ್ಪ ಭಾಗ ಕನೆಕ್ಟರ್‌ನಲ್ಲಿದೆ. ದೊಡ್ಡ ಭಾಗ ಕರ್ನಲ್‌ನಲ್ಲಿದೆ. ಕರ್ನಲ್ ಅಂದ್ರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳು, ಎಲ್ಲ ಹಾರ್ಡ್‌ವೇರ್‌ನ ಲೆಕ್ಕ ಇಟ್ಟುಕೊಳ್ಳೋ ಪ್ರೋಗ್ರಾಂ. ಹೊಸ ಡಿಸ್ಕ್ ಬಂದಾಗ ಅದನ್ನ ಗುರುತಿಸೋದು ಆ ಕರ್ನಲ್‌ಗೆ ಸುಲಭದ ಕೆಲಸ. ಹೋದ ಡಿಸ್ಕನ್ನ ಸರಿಯಾಗಿ ಬಿಟ್ಟುಕೊಡೋದನ್ನ ಕಲಿಯೋಕೆ ಅದಕ್ಕೆ ವರ್ಷಗಟ್ಟಲೆ ಹಿಡೀತು. ಆ ಪಾಠದ ಒಂದಷ್ಟು ಸಾಲುಗಳನ್ನ ಬರೆದೋರು ಬೆಂಗಳೂರಲ್ಲಿ ಕೂತು ಬರೆದರು. ಹತ್ತು ಪೋಸ್ಟ್‌ಗಳಲ್ಲಿ ಅದರ ಕಥೆ.

2/10

ಮೊದಲು ಹಳೇ ಕಾಲ.

1956ರಲ್ಲಿ ಐಬಿಎಂ ಕಂಪನಿಯ ರಾಮ್ಯಾಕ್ ಬಂತು, ಜಗತ್ತಿನ ಮೊದಲ ಡಿಸ್ಕ್ ಡ್ರೈವ್. 24 ಇಂಚು ಅಗಲದ 50 ತಟ್ಟೆಗಳು, ಹಿಡಿಸ್ತಿದ್ದದ್ದು 50 ಲಕ್ಷ ಅಕ್ಷರ. ಬೀರುವಿನಷ್ಟು ದೊಡ್ಡದು, ಹೊರಗೆ ತೆಗೆಯೋ ಮಾತೇ ಇರ್ಲಿಲ್ಲ. 1962ರಲ್ಲಿ ಅದೇ ಕಂಪನಿಯ 1311 ಬಂತು. ಇದರಲ್ಲಿ ತಟ್ಟೆಗಳ ಕಟ್ಟನ್ನ ಮೇಲಿಂದ ಎತ್ತಿ ತೆಗೆದು ಬೇರೆಯದನ್ನ ಇಡಬಹುದಿತ್ತು. ಆದ್ರೆ ಮೋಟರ್ ಆಫ್ ಮಾಡಿ, ತಿರುಗೋದು ನಿಂತ ಮೇಲೆ ಮಾತ್ರ. ಲೇತ್ ನಿಯಮವೇ.

ನಿಲ್ಲಿಸೋ ಹಾಗೇ ಇಲ್ಲ ಅನ್ನೋ ಹಠ ಬಂದದ್ದು ಬೇರೆ ಕಡೆಯಿಂದ: ಬ್ಯಾಂಕ್ ಮತ್ತು ಟೆಲಿಫೋನ್. 1976ರಲ್ಲಿ ಅಮೆರಿಕದ ಟ್ಯಾಂಡಮ್ ಕಂಪನಿ ನಾನ್‌ಸ್ಟಾಪ್ ಅನ್ನೋ ಕಂಪ್ಯೂಟರ್ ಮಾರೋಕೆ ಶುರು ಮಾಡ್ತು. ಮುಖ್ಯ ಭಾಗಗಳೆಲ್ಲ ಜೋಡಿ ಜೋಡಿ. ಒಂದು ಕೈಕೊಟ್ಟರೆ ಇನ್ನೊಂದು ಕೆಲಸ ಮುಂದುವರಿಸುತ್ತೆ.

ಟೆಲಿಫೋನ್ ವಿಷಯಕ್ಕೆ ಬಂದ್ರೆ ನಮ್ಮ ಊರಿಗೆ ಇದು ಹೊಸದಲ್ಲ. ಕೆ.ಆರ್. ಪುರದ ಹತ್ತಿರ ದೂರವಾಣಿನಗರ ಅಂತ ಒಂದು ಜಾಗ ಇದೆಯಲ್ಲ, ಆ ಹೆಸರು ಬಂದದ್ದೇ 1948ರಲ್ಲಿ ಶುರುವಾದ ಐಟಿಐ ಅನ್ನೋ ಟೆಲಿಫೋನ್ ಕಾರ್ಖಾನೆಯಿಂದ. 1984ರಲ್ಲಿ ಸಿ-ಡಾಟ್ ಹುಟ್ಟಿತು, ದೆಹಲಿ ಮತ್ತು ಬೆಂಗಳೂರಲ್ಲಿ ಕೆಲಸ ಮಾಡ್ತು. ಅದರ ಬೆಂಗಳೂರು ಕ್ಯಾಂಪಸ್ ಇವತ್ತು ಎಲೆಕ್ಟ್ರಾನಿಕ್ ಸಿಟಿ ಮೊದಲ ಹಂತದಲ್ಲಿದೆ. ಅವರು ಮಾಡಿದ 128 ಲೈನ್‌ಗಳ ಹಳ್ಳಿ ಎಕ್ಸ್‌ಚೇಂಜ್ ಮೊದಲು ಕೆಲಸ ಶುರು ಮಾಡಿದ್ದು ನಮ್ಮ ಕಿತ್ತೂರಿನಲ್ಲಿ, 1986ರ ಜುಲೈನಲ್ಲಿ. ಎಸಿ ಬೇಡ, ಬಿಸಿಲು ಧೂಳು ತಡ್ಕೋಬೇಕು, ನಿಯಂತ್ರಣದ ಮುಖ್ಯ ಭಾಗ ಜೋಡಿಯಾಗಿರಬೇಕು. ಒಂದು ಕೆಟ್ಟರೂ ಊರಿನ ಫೋನ್ ಸಾಯಬಾರದು.

ಹಾಟ್ ಸ್ವ್ಯಾಪ್ ಹಿಂದಿರೋ ಮನಸ್ಸು ಇದೇ: ಕೆಟ್ಟೇ ಕೆಡುತ್ತೆ ಅಂತ ಮೊದಲೇ ಒಪ್ಪಿಕೊಂಡು ಕಟ್ಟೋದು.

3/10

ಈಗ ಡಿಸ್ಕ್‌ಗೆ ಬರೋಣ. 1988ರಲ್ಲಿ ಬರ್ಕ್‌ಲಿಯ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ಅನ್ನೋ ಮೂವರು ಒಂದು ಪೇಪರ್ ಬರೆದರು. ದೊಡ್ಡ ದುಬಾರಿ ಡಿಸ್ಕ್ ಒಂದರ ಬದಲು ಅಗ್ಗದ ಚಿಕ್ಕ ಡಿಸ್ಕ್‌ಗಳನ್ನ ಗುಂಪು ಮಾಡಿ ಬಳಸೋಣ ಅನ್ನೋದು ಅವರ ವಾದ. ಅದಕ್ಕೆ ಇಟ್ಟ ಹೆಸರು ರೇಡ್. ನೀವು ಸಿಲಬಸ್‌ನಲ್ಲಿ ಓದಿರ್ತೀರ.

ಆ ಪೇಪರ್‌ನಲ್ಲೇ ಒಂದು ಹೆದರಿಸೋ ಲೆಕ್ಕ ಇದೆ. ಒಂದು ಡಿಸ್ಕ್ ಸರಾಸರಿ 30,000 ಗಂಟೆ ಬಾಳುತ್ತೆ ಅಂದ್ಕೊಳ್ಳಿ. ನೂರು ಡಿಸ್ಕ್ ಒಟ್ಟಿಗೆ ಇಟ್ಟರೆ ಸರಾಸರಿ 300 ಗಂಟೆಗೆ ಅವುಗಳಲ್ಲಿ ಯಾವುದೋ ಒಂದು ಸಾಯುತ್ತೆ. ಅಂದ್ರೆ ಎರಡು ವಾರಕ್ಕೂ ಕಮ್ಮಿ! ಹಾಗಾಗಿ ಡೇಟಾ ಜೊತೆ ಒಂದು ಹೆಚ್ಚುವರಿ ಲೆಕ್ಕವನ್ನೂ ಬರೆದಿಡಬೇಕು. ಮೂವರು ಗೆಳೆಯರು ಖರ್ಚು ಬರೆದಿಟ್ಟ ಹಾಗೆ: ಒಬ್ಬನ ಚೀಟಿಯಲ್ಲಿ 40, ಇನ್ನೊಬ್ಬನದರಲ್ಲಿ 25, ಮೂರನೆಯವನ ಚೀಟಿಯಲ್ಲಿ ಒಟ್ಟು 65. 25ರ ಚೀಟಿ ಕಳೆದುಹೋಯ್ತಾ? 65ರಲ್ಲಿ 40 ಕಳೀರಿ, ಸಿಕ್ತು. ನಿಜವಾದ ರೇಡ್‌ನಲ್ಲಿ ಕೂಡೋ ಬದಲು ಎಕ್ಸ್-ಆರ್ ಮಾಡ್ತಾರೆ, ಉಪಾಯ ಅದೇ.

ಆದ್ರೆ ಒಂದು ಚೀಟಿ ಕಳೆದಿರುವಾಗ ಇನ್ನೊಂದೂ ಕಳೆದ್ರೆ? ಮುಗೀತು. ಅದಕ್ಕೇ ಸತ್ತ ಡಿಸ್ಕನ್ನ ಆದಷ್ಟು ಬೇಗ ಬದಲಾಯಿಸಬೇಕು. ಹೊಸ ಡಿಸ್ಕ್ ತುಂಬೋಕೆ ಎಷ್ಟು ಹೊತ್ತು? 8 ಟಿಬಿ ಡಿಸ್ಕ್, ಸೆಕೆಂಡಿಗೆ 200 ಎಂಬಿ ವೇಗ ಅಂದ್ರೆ 40,000 ಸೆಕೆಂಡ್. ಹೆಚ್ಚೂ ಕಮ್ಮಿ 11 ಗಂಟೆ, ಅದೂ ಬೇರೆ ಯಾವ ಕೆಲಸವೂ ಇಲ್ಲದಿದ್ರೆ. ಇದೇ ಭಯದಿಂದ ಎರಡು ಡಿಸ್ಕ್ ಸತ್ತರೂ ಬದುಕೋ ವಿಧಾನಗಳು ಬಂದವು. ನೆಟ್‌ಆ್ಯಪ್ ಕಂಪನಿಯ ಎಂಜಿನಿಯರ್‌ಗಳು 2004ರಲ್ಲಿ ಅಂಥದ್ದೊಂದರ ಪೇಪರ್ ಪ್ರಕಟಿಸಿದರು. ವೈಟ್‌ಫೀಲ್ಡ್ ಕಡೆ ಓಡಾಡೋರು ಆ ಕಂಪನಿಯ ಬೋರ್ಡ್ ನೋಡೇ ಇರ್ತಾರೆ.

ಅಂತೂ ರೇಡ್ ಹೇಳಿದ್ದು ಇಷ್ಟು: ಡಿಸ್ಕ್ ಸಾಯಲಿ, ಮೆಷಿನ್ ಸಾಯೋದು ಬೇಡ. ಹಾಗಾದ್ರೆ ಡಿಸ್ಕ್ ಬದಲಾಯಿಸೋಕೆ ಮೆಷಿನ್ ಆಫ್ ಮಾಡೋದೂ ಬೇಡ ತಾನೇ? ಅಲ್ಲಿಂದ ಹಾಟ್ ಸ್ವ್ಯಾಪ್ ಅನ್ನೋದು ಹಟ ಹೋಗಿ ಅಗತ್ಯ ಆಯ್ತು.

4/10

ಹಾರ್ಡ್‌ವೇರ್‌ನೋರು ಇದನ್ನ ಹೇಗೆ ಬಗೆಹರಿಸಿದರು ಗೊತ್ತಾ? ಪಿನ್‌ಗಳ ಉದ್ದ ಬೇರೆ ಬೇರೆ ಮಾಡಿ. ಅಷ್ಟೇ!

ನಿಮ್ಮ ಹಳೇ ಪಿಸಿ ಅಥವಾ ಲ್ಯಾಪ್‌ಟಾಪ್‌ನಲ್ಲಿರೋ ಸಾಟಾ ಡಿಸ್ಕ್ ತಗೊಂಡು ಅದರ ಕನೆಕ್ಟರನ್ನ ಹತ್ತಿರದಿಂದ ನೋಡಿ. ಪವರ್ ಬದಿಯಲ್ಲಿ 15 ಸಂಪರ್ಕಗಳಿವೆ. ಡಿಸ್ಕನ್ನ ಒಳಗೆ ತಳ್ಳುವಾಗ ಅವೆಲ್ಲ ಒಂದೇ ಸಲ ತಾಗಲ್ಲ. ಮೊದಲು 4 ಮತ್ತು 12ನೇ ಗ್ರೌಂಡ್ ಪಿನ್‌ಗಳು ತಾಗುತ್ತವೆ. ಆಮೇಲೆ 3, 7, 13, ಇವು ಪ್ರೀಚಾರ್ಜ್ ಪಿನ್‌ಗಳು. ಕೊನೆಗೆ ಉಳಿದ ಪವರ್ ಪಿನ್‌ಗಳು.

ಯಾಕೆ ಈ ಕ್ರಮ? ಗ್ರೌಂಡ್ ಮೊದಲು ಸೇರಿದ್ರೆ ಎರಡೂ ಕಡೆಯ ಸೊನ್ನೆ ವೋಲ್ಟ್ ಒಂದೇ ಆಗುತ್ತೆ. ಇಲ್ಲದಿದ್ರೆ ಕರೆಂಟ್ ಸಿಕ್ಕ ದಾರಿಯಲ್ಲಿ ನುಗ್ಗಿ ಚಿಪ್ ಸುಟ್ಟುಬಿಡುತ್ತೆ. ಪ್ರೀಚಾರ್ಜ್‌ನದು ಇನ್ನೊಂದು ಕೆಲಸ. ಡಿಸ್ಕಿನ ಒಳಗಿನ ಕೆಪಾಸಿಟರ್‌ಗಳು ಖಾಲಿ ಕೊಡದ ಹಾಗೆ. ನೇರ ಪವರ್ ಸಿಕ್ಕಿದ ತಕ್ಷಣ ಒಂದೇ ಗುಟುಕಿಗೆ ಎಳ್ಕೊಳ್ತವೆ, ಅದೇ ಲೈನಿನಲ್ಲಿರೋ ಪಕ್ಕದ ಡಿಸ್ಕ್‌ಗಳಿಗೆ ವೋಲ್ಟೇಜ್ ಇಳಿದುಹೋಗುತ್ತೆ. ಬೇಸಿಗೆಯಲ್ಲಿ ಪಕ್ಕದ ಮನೆಯೋರು ಮೋಟರ್ ಹಾಕಿದ ಕೂಡಲೇ ನಮ್ಮನೆ ಬಲ್ಬ್ ಮಂಕಾಗುತ್ತಲ್ಲ, ಹಾಗೆ. ಹಾಗಾಗಿ ಮೊದಲು ನಿಧಾನಕ್ಕೆ ತುಂಬಿಸಿ, ಆಮೇಲೆ ಪೂರ್ತಿ ಪವರ್ ಕೊಡ್ತಾರೆ.

ಹೊರಗೆ ಎಳೆಯುವಾಗ ಇದೆಲ್ಲ ಉಲ್ಟಾ ಕ್ರಮದಲ್ಲಿ ಬಿಡುತ್ತೆ, ಗ್ರೌಂಡ್ ಕೊನೆಗೆ. ಪವರ್ ಹೋದ ಡಿಸ್ಕ್ ತನ್ನ ತಟ್ಟೆಗಳು ಇನ್ನೂ ತಿರುಗ್ತಿರೋ ಶಕ್ತಿಯನ್ನೇ ಕರೆಂಟ್ ಮಾಡ್ಕೊಂಡು, ತನ್ನ ಹೆಡ್ಡನ್ನ ಸುರಕ್ಷಿತ ಜಾಗಕ್ಕೆ ಸರಿಸಿಕೊಳ್ಳುತ್ತೆ. ಎಷ್ಟು ಚೆನ್ನಾಗಿದೆ ಅಲ್ವಾ?

ಸರ್ವರ್‌ಗಳ 80 ಪಿನ್ನಿನ ಸ್ಕಸಿ ಕನೆಕ್ಟರ್‌ನಲ್ಲಿ ಈ ಉಪಾಯ ಮೊದಲೇ ಇತ್ತು. 2003ರಲ್ಲಿ ಬಂದ ಸಾಟಾ ಅದನ್ನ ಸಾಮಾನ್ಯ ಡಿಸ್ಕಿಗೂ ತಂತು. ಒಂದೆರಡು ಮಿಲಿಮೀಟರ್ ಲೋಹದಲ್ಲಿ ಹಾರ್ಡ್‌ವೇರ್‌ನ ಕಷ್ಟ ಮುಗೀತು. ಕರ್ನಲ್‌ನ ಕಷ್ಟ ಆಗಿನ್ನೂ ಶುರು.

5/10

ಕರ್ನಲ್‌ಗೆ ಡಿಸ್ಕ್ ಅಂದ್ರೆ ಮೆಮೊರಿಯಲ್ಲಿರೋ ಒಂದು ದಾಖಲೆ. ಎಷ್ಟು ದೊಡ್ಡದು, ಯಾವ ಡ್ರೈವರ್, ಏನೇನು ಕೆಲಸ ಬಾಕಿ, ಎಲ್ಲ ಅದರಲ್ಲಿ. ಡಿಸ್ಕ್ ಹೋದ ಕೂಡಲೇ ಆ ದಾಖಲೆ ಅಳಿಸಿದ್ರೆ ಆಯ್ತಲ್ಲ ಅನ್ಸುತ್ತೆ. ಅಲ್ಲೇ ಇರೋದು ಅಪಾಯ. ಆ ದಾಖಲೆಯ ವಿಳಾಸವನ್ನ ಇನ್ನೂ ಎಷ್ಟೋ ಜನ ಹಿಡ್ಕೊಂಡಿರ್ತಾರೆ: ಒಂದು ಫೈಲ್ ತೆರೆದಿರೋ ಪ್ರೋಗ್ರಾಂ, ಫೈಲ್ ಸಿಸ್ಟಮ್, ಮಧ್ಯದಾರಿಯಲ್ಲಿರೋ ಒಂದು ಬರಹ. ಅಳಿಸಿದ ಜಾಗಕ್ಕೆ ಬೇರೆ ಏನೋ ಬಂದು ಕೂತಿರುತ್ತೆ. ಇವರು ಹಳೇ ವಿಳಾಸಕ್ಕೆ ಹೋಗಿ ಅಲ್ಲಿ ಬರೆದುಬಿಟ್ರೆ ಪೂರ್ತಿ ಸಿಸ್ಟಮ್ ಬೀಳುತ್ತೆ. ಅದಕ್ಕಿಂತ ಕೆಟ್ಟದ್ದು ಬೀಳದೇ ಇರೋದು, ಡೇಟಾ ಸದ್ದಿಲ್ಲದೆ ಹಾಳಾಗೋದು.

ಇದಕ್ಕೆ ಉತ್ತರ ನಮ್ಮ ದರ್ಶಿನಿ ಹೋಟೆಲ್‌ನಲ್ಲಿದೆ. ರಾತ್ರಿ ಬಾಗಿಲು ಹಾಕೋ ಹೊತ್ತು ನೋಡಿದ್ದೀರಾ? ಮೊದಲು ಕ್ಯಾಷಿಯರ್ ಹೊಸ ಟೋಕನ್ ಕೊಡೋದು ನಿಲ್ಲಿಸ್ತಾರೆ. ಆಗಲೇ ಟೋಕನ್ ಹಿಡಿದು ನಿಂತಿರೋರಿಗೆ ದೋಸೆ ಬರಲೇಬೇಕು. ಕೊನೇ ಟೋಕನ್ ತೀರಿದ ಮೇಲೆ ಕಾವಲಿ ಆರುತ್ತೆ, ಆಮೇಲೆ ಶಟರ್. ಕರ್ನಲ್ ಕೂಡ ಹೀಗೇ ಎಣಿಸುತ್ತೆ. ದಾಖಲೆ ಮುಟ್ಟೋರೆಲ್ಲ ಒಂದು ಟೋಕನ್ ತಗೋಬೇಕು, ಮುಗಿದ ಮೇಲೆ ವಾಪಸ್ ಕೊಡಬೇಕು. ಎಣಿಕೆ ಸೊನ್ನೆ ಆದಾಗ ಮಾತ್ರ ಅಳಿಸೋದು. ಇದಕ್ಕೆ ರೆಫರೆನ್ಸ್ ಕೌಂಟ್ ಅಂತ ಹೆಸರು.

2001ರ ಜನವರಿಯಲ್ಲಿ ಲಿನಕ್ಸ್ 2.4 ಬಂದಾಗ ಯುಎಸ್‌ಬಿಯಂಥ ಸಾಧನಗಳನ್ನ ಚುಚ್ಚಿದ ಕೂಡಲೇ ಗುರುತಿಸೋ ವ್ಯವಸ್ಥೆ ಅದರಲ್ಲಿತ್ತು. ಗ್ರೆಗ್ ಕ್ರೋಹ್-ಹಾರ್ಟ್‌ಮನ್ ಅದರ ಮೇಲೆ ತುಂಬ ಕೆಲಸ ಮಾಡಿದರು. ಆದ್ರೆ ಸರ್ವರ್‌ನ ಸ್ಕಸಿ ಡಿಸ್ಕ್ ಬದಲಾಯಿಸಬೇಕಾದ್ರೆ ಆಗ ಅಡ್ಮಿನ್ ಕೈಯಾರೆ ಟೈಪ್ ಮಾಡಿ ಹೇಳಬೇಕಿತ್ತು: ಇಂಥ ಹೋಸ್ಟ್, ಇಂಥ ಚಾನೆಲ್, ಇಂಥ ಐಡಿ, ಇಂಥ ಲನ್, ಈ ಡಿಸ್ಕ್ ತೆಗಿ. ನಾಲ್ಕು ಸಂಖ್ಯೆ. ಒಂದು ತಪ್ಪಿದ್ರೆ ಬೇರೆ ಡಿಸ್ಕಿಗೆ ಕುತ್ತು.

6/10

ಅದೇ 2001ರಲ್ಲಿ ನಮ್ಮ ಊರಲ್ಲಿ ಲಿನಕ್ಸ್ ಬೆಂಗಳೂರು ಅನ್ನೋ ಸಮ್ಮೇಳನ ಶುರುವಾಯ್ತು. ಅದರ ಹಿಂದಿದ್ದ ಮುಖ್ಯ ಹೆಸರು ಅತುಲ್ ಚಿಟ್ನಿಸ್. 2005ರಿಂದ ಅದು ಫಾಸ್ ಡಾಟ್ ಇನ್ ಅಂತ ಆಯ್ತು. ಊರಲ್ಲಿ ಲಿನಕ್ಸ್ ಬಳಸೋರು ಮಾತ್ರ ಅಲ್ಲ, ಕರ್ನಲ್ ಬರೆಯೋರೂ ಇದ್ದರು. ಅವರಲ್ಲಿ ಒಂದು ಗುಂಪು ಐಬಿಎಂನ ಲಿನಕ್ಸ್ ಟೆಕ್ನಾಲಜಿ ಸೆಂಟರ್, ಬೆಂಗಳೂರು.

2003ರ ಡಿಸೆಂಬರ್‌ನಲ್ಲಿ ಲಿನಕ್ಸ್ 2.6 ಬಂತು. ಪ್ಯಾಟ್ರಿಕ್ ಮೋಶೆಲ್ ಬರೆದ ಸಿಸ್‌ಎಫ್‌ಎಸ್ ಅದರ ದೊಡ್ಡ ಬದಲಾವಣೆಗಳಲ್ಲಿ ಒಂದು. ಕರ್ನಲ್ ಒಳಗಿರೋ ಪ್ರತಿ ಸಾಧನಕ್ಕೂ ಒಂದು ಫೋಲ್ಡರ್, ಅದರ ಪ್ರತಿ ಗುಣಕ್ಕೂ ಒಂದು ಪುಟ್ಟ ಫೈಲ್. ನಾಲ್ಕು ಸಂಖ್ಯೆ ನೆನಪಿಟ್ಟುಕೊಳ್ಳೋ ಬದಲು ಆ ಡಿಸ್ಕಿನ ಫೋಲ್ಡರ್‌ಗೆ ಹೋಗಿ ಡಿಲೀಟ್ ಅನ್ನೋ ಫೈಲಿಗೆ 1 ಅಂತ ಬರೆದ್ರೆ ಸಾಕು, ಕರ್ನಲ್ ಡಿಸ್ಕನ್ನ ಬಿಟ್ಟುಕೊಡುತ್ತೆ. ಯುಡೆವ್ ಅನ್ನೋ ಪ್ರೋಗ್ರಾಂ ಇದನ್ನ ನೋಡಿಕೊಂಡು ಸಾಧನಗಳಿಗೆ ಹೆಸರಿಡೋ ಕೆಲಸ ತಗೊಳ್ತು.

ಚೆನ್ನಾಗಿತ್ತು. ಆದ್ರೆ ಒಂದು ತೊಡಕಿತ್ತು. ಆ ಪುಟ್ಟ ಫೈಲ್‌ಗಳೆಲ್ಲ, ಯಾರೂ ಓದದಿದ್ರೂ, ಸದಾ ಮೆಮೊರಿಯಲ್ಲೇ ಕೂತಿರ್ತಿದ್ದವು. ಲ್ಯಾಪ್‌ಟಾಪ್‌ಗೆ ಅದು ಲೆಕ್ಕಕ್ಕಿಲ್ಲ. ಸಾವಿರಾರು ಡಿಸ್ಕ್ ಇರೋ ದೊಡ್ಡ ಮೆಷಿನ್‌ಗೆ? ಆ ಕಾಲದ 32 ಬಿಟ್ ಯಂತ್ರಗಳಲ್ಲಿ ಕರ್ನಲ್ ನೇರವಾಗಿ ಮುಟ್ಟಬಹುದಾದ ಮೆಮೊರಿ ಸುಮಾರು 896 ಎಂಬಿ ಮಾತ್ರ. ಯಂತ್ರದಲ್ಲಿ ಎಷ್ಟೇ ರ‍್ಯಾಮ್ ಇದ್ದರೂ ಅಷ್ಟೇ. ಅದರಲ್ಲೇ ಈ ಫೈಲ್‌ಗಳೂ ಜಾಗ ಹಿಡಿದರೆ ಉಸಿರು ಕಟ್ಟುತ್ತೆ.

ಬೆಂಗಳೂರು ಗುಂಪಿನ ಮನೀಷ್ ಸೋನಿ 2003, 2004ರಲ್ಲಿ ಇದಕ್ಕೆ ಪ್ಯಾಚ್‌ಗಳನ್ನ ಬರೆದರು. ಅವರ ಉಪಾಯ ಸರಳ: ಎಲ್ಲದರ ಒಂದು ಚಿಕ್ಕ ಪಟ್ಟಿ ಇಟ್ಟುಕೊಳ್ಳೋಣ, ಪೂರ್ತಿ ಫೈಲನ್ನ ಯಾರಾದ್ರೂ ಕೇಳಿದಾಗ ಮಾತ್ರ ಹುಟ್ಟಿಸೋಣ, ಅವರು ಹೋದ ಮೇಲೆ ಬಿಟ್ಟುಬಿಡೋಣ. ಪ್ಯಾಚ್‌ಗಳು ಎಷ್ಟೋ ಸಲ ತಿದ್ದುಪಡಿ ಆಗಿ ಕರ್ನಲ್ ಸೇರಿದವು.

ಇಲ್ಲೂ ಅದೇ ಮಾತು ನೋಡಿ. ಹಿಡ್ಕೊಳ್ಳೋದು ಎಲ್ಲರಿಗೂ ಬರುತ್ತೆ. ಯಾವಾಗ ಬಿಡಬೇಕು ಅನ್ನೋದು ಗೊತ್ತಿರಬೇಕು.

7/10

ಈ ಪೋಸ್ಟ್ ಸ್ವಲ್ಪ ಕಷ್ಟ, ಆದ್ರೆ ಇಡೀ ಸರಣಿಯ ಜೀವ ಇಲ್ಲೇ ಇದೆ. ನಿಧಾನವಾಗಿ ಓದಿ.

ಟೋಕನ್ ಎಣಿಸೋದಕ್ಕೂ ಒಂದು ಬೆಲೆ ಇದೆ. ಹತ್ತಾರು ಪ್ರೊಸೆಸರ್‌ಗಳು ಒಂದೇ ಎಣಿಕೆಯನ್ನ ಸೆಕೆಂಡಿಗೆ ಲಕ್ಷಾಂತರ ಸಲ ತಿದ್ದೋಕೆ ಹೋದ್ರೆ, ಎಲ್ಲರೂ ಒಂದೇ ಕ್ಯಾಷಿಯರ್ ಮುಂದೆ ಕ್ಯೂ ನಿಂತ ಹಾಗೆ. ದೋಸೆಗಿಂತ ಟೋಕನ್‌ಗೇ ಹೊತ್ತು ಹೋಗುತ್ತೆ.

ಬೇರೆ ದಾರಿ? ಬಸ್ ಸ್ಟ್ಯಾಂಡಿನ ವೇಳಾಪಟ್ಟಿ ನೆನಪಿಸ್ಕೊಳ್ಳಿ. ಪಟ್ಟಿ ಬದಲಾಗಿದೆ. ಓದ್ತಿರೋರ ಮುಖದ ಮುಂದೇ ಹಳೇ ಹಾಳೆ ಹರಿದರೆ ತಪ್ಪಾಗುತ್ತೆ. ಬದಲಿಗೆ ಹೊಸ ಹಾಳೆಯನ್ನ ಹಾಕಿ. ಇನ್ನು ಬರೋರೆಲ್ಲ ಅದನ್ನೇ ಓದ್ತಾರೆ. ಹಳೇದನ್ನ ಓದ್ತಿರೋರು ಓದಿ ಹೋಗಲಿ. ಅವರೆಲ್ಲ ಹೋದ್ರು ಅಂತ ಖಾತ್ರಿ ಆದ ಮೇಲೆ ಹಳೇದನ್ನ ಕಿತ್ತು ಬಿಸಾಕಿ. ಓದೋರು ಯಾರೂ ಟೋಕನ್ ತಗೋಬೇಕಿಲ್ಲ. ಕಾಯೋ ಕೆಲಸ ತೆಗೆಯೋನದು ಮಾತ್ರ. ಇದರ ಹೆಸರು ಆರ್‌ಸಿಯು.

ಇದನ್ನ 1990ರ ದಶಕದಲ್ಲಿ ಅಮೆರಿಕದ ಸೀಕ್ವೆಂಟ್ ಕಂಪನಿಯ ಪಾಲ್ ಮೆಕೆನಿ ಮತ್ತು ಜ್ಯಾಕ್ ಸ್ಲಿಂಗ್‌ವೈನ್ ರೂಪಿಸಿದರು. 1999ರಲ್ಲಿ ಐಬಿಎಂ ಸೀಕ್ವೆಂಟನ್ನ ಕೊಂಡುಕೊಳ್ತು. ಲಿನಕ್ಸ್‌ಗೆ ಇದನ್ನ ತರೋಕೆ ಹಲವರು ಹಲವು ರೀತಿ ಪ್ಯಾಚ್ ಬರೆದರು. ಕೊನೆಗೆ 2002ರ ಅಕ್ಟೋಬರ್‌ನಲ್ಲಿ 2.5.43 ಕರ್ನಲ್‌ಗೆ ಸೇರಿದ ಪ್ಯಾಚ್ ದೀಪಂಕರ್ ಶರ್ಮಾ ಅವರದು. ಅವರ ಮೇಲ್‌ಗಳ ಕೆಳಗೆ ಇರ್ತಿದ್ದ ವಿಳಾಸ: ಐಬಿಎಂ ಸಾಫ್ಟ್‌ವೇರ್ ಲ್ಯಾಬ್, ಬೆಂಗಳೂರು. ಫೈಲ್ ಹೆಸರು ಹುಡುಕೋ ಕೆಲಸಕ್ಕೆ ಆರ್‌ಸಿಯು ಬಳಸಿದ ಬಗ್ಗೆ ಮೆಕೆನಿ, ಶರ್ಮಾ, ಸೋನಿ ಮೂವರೂ ಸೇರಿ 2004ರ ಜನವರಿಯ ಲಿನಕ್ಸ್ ಜರ್ನಲ್‌ನಲ್ಲಿ ಲೇಖನ ಬರೆದರು.

ಡಿಸ್ಕಿಗೂ ಇದಕ್ಕೂ ಏನು ಸಂಬಂಧ? ಇವತ್ತಿನ ಲಿನಕ್ಸ್ ಡಿಸ್ಕನ್ನ ಬಿಡುವಾಗ ಅದರ ಕೆಲಸದ ಕ್ಯೂ ಮುಚ್ಚುತ್ತೆ: ಹೊಸ ಕೆಲಸ ಬೇಡ, ಇರೋದು ಮುಗೀಲಿ. ಈ ಎಣಿಕೆಯನ್ನ ಪ್ರತಿ ಪ್ರೊಸೆಸರ್ ಬೇರೆ ಬೇರೆ ಇಟ್ಟುಕೊಳ್ಳುತ್ತೆ, ಮುಚ್ಚೋ ಹೊತ್ತಿಗೆ ಎಲ್ಲವನ್ನೂ ಒಟ್ಟು ಮಾಡುತ್ತೆ. ಆ ಒಟ್ಟು ಮಾಡೋ ಹೆಜ್ಜೆ ನಿಂತಿರೋದು ಆರ್‌ಸಿಯು ಮೇಲೆ. ದರ್ಶಿನಿಯೂ ಬಸ್ ಸ್ಟ್ಯಾಂಡೂ ಅಲ್ಲಿ ಒಟ್ಟಿಗೆ ಬರುತ್ತವೆ.

8/10

ಇಲ್ಲಿವರೆಗೆ ಹೇಳಿದ್ದು ಹೇಳಿ ಕೇಳಿ ತೆಗೆಯೋದರ ಬಗ್ಗೆ. ಹೇಳದೇ ಕಿತ್ತರೆ?

ದರ್ಶಿನಿಯಲ್ಲಿ ಮಧ್ಯದಲ್ಲೇ ಗ್ಯಾಸ್ ಖಾಲಿ ಆಯ್ತು ಅಂದ್ಕೊಳ್ಳಿ. ಟೋಕನ್ ಹಿಡಿದು ನಿಂತಿರೋ ಒಬ್ಬೊಬ್ಬರಿಗೂ ‘ಇಲ್ಲ, ಆಗಲ್ಲ’ ಅಂತ ಹೇಳಲೇಬೇಕು. ಹೇಳದಿದ್ರೆ ಅವರು ಬೆಳಗಿನವರೆಗೂ ನಿಂತಿರ್ತಾರೆ. ಕರ್ನಲ್‌ನಲ್ಲಿ ಹಾಗೆ ನಿಂತುಬಿಡೋ ಪ್ರೋಗ್ರಾಂ ಹ್ಯಾಂಗ್ ಆಗುತ್ತೆ, ಕೆಲವೊಮ್ಮೆ ಕೊಲ್ಲೋಕೂ ಬರಲ್ಲ.

ಜೆಫ್ ಗಾರ್ಜಿಕ್ ಶುರು ಮಾಡಿದ ಲಿಬ್-ಎಟಿಎ ಸಾಟಾ ಡಿಸ್ಕ್‌ಗಳನ್ನ ನೋಡಿಕೊಳ್ಳುತ್ತೆ. ಕನೆಕ್ಟರ್ 2003ರಿಂದಲೇ ಹಾಟ್ ಸ್ವ್ಯಾಪ್‌ಗೆ ತಯಾರಿತ್ತು. ಆದ್ರೆ ಲಿಬ್-ಎಟಿಎಗೆ ಸರಿಯಾದ ಹಾಟ್ ಪ್ಲಗ್ ಬಂದದ್ದು 2006ರ ಸೆಪ್ಟೆಂಬರ್‌ನ 2.6.18ರಲ್ಲಿ, ತೇಜುನ್ ಹಿಯೋ ಅವರ ಕೆಲಸದಿಂದ. ಮೂರು ವರ್ಷದ ಅಂತರ! ಅವರು ಮೊದಲು ತಪ್ಪುಗಳನ್ನ ನಿಭಾಯಿಸೋ ಭಾಗವನ್ನೇ ಹೊಸದಾಗಿ ಬರೆಯಬೇಕಾಯ್ತು. ಯಾಕಂದ್ರೆ ಕಿತ್ತ ಡಿಸ್ಕ್ ಮತ್ತು ಕೆಟ್ಟ ಡಿಸ್ಕ್ ಮೊದಲ ಕ್ಷಣದಲ್ಲಿ ಒಂದೇ ಥರ ಕಾಣುತ್ತವೆ: ಎರಡೂ ಉತ್ತರ ಕೊಡಲ್ಲ.

ಇವತ್ತಿನ ಎನ್‌ವಿಎಂಇ ಡಿಸ್ಕ್‌ಗಳದು ಇನ್ನೂ ವಿಚಿತ್ರ. ಇವು ನೇರ ಪಿಸಿಐ ಎಕ್ಸ್‌ಪ್ರೆಸ್ ಮೇಲೆ ಕೂರುತ್ತವೆ. ಡಿಸ್ಕ್ ಕಿತ್ತ ಮೇಲೂ ಪ್ರೊಸೆಸರ್ ಅದರ ರಿಜಿಸ್ಟರ್ ಓದೋಕೆ ಹೋದ್ರೆ ಉತ್ತರ ಬರುತ್ತೆ! ಎಲ್ಲ ಬಿಟ್‌ಗಳೂ 1. ಯಾರೂ ಇಲ್ಲದ ಮನೆಗೆ ಕೂಗಿದ್ರೆ ಪ್ರತಿಧ್ವನಿ ಬಂದ ಹಾಗೆ. ಡ್ರೈವರ್ ಅದನ್ನ ನಿಜವಾದ ಉತ್ತರ ಅಂತ ನಂಬಿದ್ರೆ ಕಥೆ ಮುಗೀತು. ಆದ್ದರಿಂದ ಎನ್‌ವಿಎಂಇ ಡ್ರೈವರ್ ಸ್ಥಿತಿ ಹೇಳೋ ರಿಜಿಸ್ಟರ್‌ನಲ್ಲಿ ಎಲ್ಲವೂ 1 ಕಂಡರೆ, ಡಿಸ್ಕ್ ಹೋಗಿದೆ ಅಂತ ತೀರ್ಮಾನಿಸಿ ಬಾಕಿ ಕೆಲಸಗಳಿಗೆಲ್ಲ ‘ಆಗಲ್ಲ’ ಅಂತ ಹೇಳಿ ಮುಗಿಸುತ್ತೆ.

‘ಆಗಲ್ಲ’ ಅನ್ನೋದನ್ನ ಸ್ಪಷ್ಟವಾಗಿ ಹೇಳೋದು ಎಷ್ಟು ಮುಖ್ಯ ಅಂತ 2018ರಲ್ಲಿ ಎಲ್ಲರಿಗೂ ಗೊತ್ತಾಯ್ತು. ಬರೆಯೋದು ಸೋತಾಗ ಕರ್ನಲ್ ಅದನ್ನ ಒಂದು ಸಲ ಹೇಳಿ, ಆ ಡೇಟಾ ಬರೆದಾಯ್ತು ಅನ್ನೋ ಹಾಗೆ ಗುರುತು ಹಾಕಿಬಿಡುತ್ತೆ, ಎರಡನೇ ಸಲ ಕೇಳಿದ್ರೆ ಎಲ್ಲ ಸರಿ ಇದೆ ಅನ್ನುತ್ತೆ ಅನ್ನೋದು ಪೋಸ್ಟ್‌ಗ್ರೆಸ್ ಡೇಟಾಬೇಸ್ ಬರೆಯೋರ ಗಮನಕ್ಕೆ ಬಂತು. 2019ರಿಂದ ಪೋಸ್ಟ್‌ಗ್ರೆಸ್ ಇಂಥ ಸೋಲು ಕಂಡ ಕೂಡಲೇ ತಾನೇ ನಿಂತು, ಲಾಗ್‌ನಿಂದ ಮತ್ತೆ ಶುರು ಮಾಡುತ್ತೆ.

9/10

ಈಗ ನಮ್ಮ ಕೆಲಸಕ್ಕೆ ಬರೋ ಮಾತು. ನಮ್ಮಲ್ಲಿ ಎಷ್ಟೋ ಜನ ಮೊದಲ ಕೆಲಸಕ್ಕೆ ಸೇರೋದು ಸಪೋರ್ಟ್‌ಗೆ, ಡೇಟಾ ಸೆಂಟರ್‌ಗೆ. ಈ ಇತಿಹಾಸದಿಂದಲೇ ಹುಟ್ಟಿದ ನಾಲ್ಕು ನಿಯಮ ಸೇವ್ ಮಾಡ್ಕೊಳ್ಳಿ.

ಒಂದು: ಸೀರಿಯಲ್ ನಂಬರ್ ನೋಡಿ, ಜಾಗ ನೋಡಿ ನಂಬಬೇಡಿ. ಒಂದು ಡಿಸ್ಕ್ ಸತ್ತಿರೋ ರೇಡ್ 5ರಲ್ಲಿ ಪಕ್ಕದ ಒಳ್ಳೇ ಡಿಸ್ಕ್ ಎಳೆದ್ರೆ ಇಡೀ ಗುಂಪು ಕುಸಿಯುತ್ತೆ. 65ರ ಚೀಟಿ ಕಥೆ ನೆನಪಿದೆಯಲ್ಲ? ಸಾಫ್ಟ್‌ವೇರ್‌ನಿಂದ ಆ ಡಿಸ್ಕಿನ ದೀಪ ಮಿನುಗಿಸೋ ಸೌಲಭ್ಯ ಎಷ್ಟೋ ಸರ್ವರ್‌ಗಳಲ್ಲಿದೆ. ಮಿನುಗಿದ್ದನ್ನೇ ಎಳೀರಿ.

ಎರಡು: ಮೊದಲು ಕರ್ನಲ್‌ಗೆ ಹೇಳಿ. ಲಿನಕ್ಸ್ ಸಾಫ್ಟ್‌ವೇರ್ ರೇಡ್ ಆದ್ರೆ ಮೊದಲು ಡಿಸ್ಕನ್ನ ಫೇಲ್ ಅಂತ ಗುರುತಿಸಿ, ಆಮೇಲೆ ಗುಂಪಿನಿಂದ ರಿಮೂವ್, ಆಮೇಲೆ ಸಿಸ್‌ಎಫ್‌ಎಸ್‌ನಲ್ಲಿ ಡಿಲೀಟ್, ಕೊನೆಗೆ ಕೈ.

ಮೂರು: ಹಿಡಿ ಬಿಚ್ಚಿ ಒಂದು ಇಂಚು ಎಳೆದು ಅರ್ಧ ನಿಮಿಷ ಹಾಗೇ ಬಿಡಿ. ಒಳಗೆ ತಟ್ಟೆಗಳು ಇನ್ನೂ ತಿರುಗ್ತಿರ್ತವೆ. ಪೀಣ್ಯದ ಲೇತ್ ನಿಯಮ ಇಲ್ಲಿ ಈಗಲೂ ಜಾರಿಯಲ್ಲಿದೆ.

ನಾಲ್ಕು: ಎಸ್‌ಡಿಬಿ, ಎಸ್‌ಡಿಸಿ ಅನ್ನೋ ಹೆಸರುಗಳನ್ನ ಎಲ್ಲೂ ಬರೆದಿಡಬೇಡಿ, ಯುಯುಐಡಿ ಬಳಸಿ. ಎಸ್‌ಡಿಬಿ ತೆಗೆದು ಅದೇ ಡ್ರಾಯರ್‌ಗೆ ಹೊಸ ಡಿಸ್ಕ್ ಹಾಕಿದ್ರೂ ಒಮ್ಮೊಮ್ಮೆ ಅದು ಎಸ್‌ಡಿಇ ಅಂತ ಬರುತ್ತೆ. ಯಾಕೆ ಅಂತ ಈಗ ನೀವೇ ಹೇಳಬಹುದು: ಹಳೇ ಎಸ್‌ಡಿಬಿಯ ಟೋಕನ್ ಯಾರೋ ಇನ್ನೂ ವಾಪಸ್ ಕೊಟ್ಟಿಲ್ಲ. ಹಳೇ ಬಾಡಿಗೆದಾರನ ಸಾಮಾನು ಒಳಗಿರೋವರೆಗೆ ಅದೇ ಮನೆ ನಂಬರನ್ನ ಕರ್ನಲ್ ಇನ್ನೊಬ್ಬರಿಗೆ ಕೊಡಲ್ಲ.

ಸರ್ವರ್ ಮುಟ್ಟದೇ ಇರೋರಿಗೆ ಒಂದು ಮಾತು. ಲಿನಕ್ಸ್‌ನಲ್ಲಿ ಪೆನ್‌ಡ್ರೈವ್‌ಗೆ ಫೈಲ್ ಕಾಪಿ ಆಯ್ತು ಅಂತ ಸ್ಕ್ರೀನ್ ಹೇಳಿದ್ರೂ ಡೇಟಾ ಇನ್ನೂ ಮೆಮೊರಿಯಲ್ಲೇ ಇರಬಹುದು. ಮಾಮೂಲಿ ಸೆಟ್ಟಿಂಗ್‌ನಲ್ಲಿ 30 ಸೆಕೆಂಡ್ ಹಳೇದಾದ ಮೇಲೆ ಅದು ಬರೆಯೋ ಸರದಿಗೆ ಬರುತ್ತೆ. ಇಜೆಕ್ಟ್ ಒತ್ತೋದು ಅಂದ್ರೆ ‘ಟೋಕನ್ ಎಲ್ಲ ತೀರಿಸು, ನಾನು ಕಾಯ್ತೀನಿ’ ಅಂತ ಹೇಳೋದು. ಪ್ರಾಜೆಕ್ಟ್ ಸಬ್ಮಿಷನ್ ದಿನ ಆ ಅರ್ಧ ನಿಮಿಷ ಕೊಡಿ.

10/10

ಡಿಸ್ಕ್‌ಗೆ ಕಲಿತ ಪಾಠ ಡಿಸ್ಕ್‌ಗೇ ನಿಲ್ಲಲಿಲ್ಲ. ಓಡ್ತಿರೋ ಮೆಷಿನ್‌ನಿಂದ ಒಂದು ಪ್ರೊಸೆಸರನ್ನೇ ಕೆಲಸದಿಂದ ಬಿಡಿಸೋದಕ್ಕೆ ಸಿಪಿಯು ಹಾಟ್ ಪ್ಲಗ್ ಅಂತಾರೆ. ಅಲ್ಲೂ ಕೇಳಬೇಕಾದ್ದು ಅದೇ: ಇದನ್ನ ನಂಬಿಕೊಂಡು ಯಾರು ಕೂತಿದ್ದಾರೆ? 2008ರಲ್ಲಿ ಬಂದ 2.6.25 ಕರ್ನಲ್‌ನಲ್ಲಿ ಅದಕ್ಕೆ ಟೋಕನ್ ಎಣಿಕೆಯ ವಿಧಾನ ಸೇರ್ತು. ಅದನ್ನ ಬರೆದೋರು ಗೌತಮ್ ಶೆಣೈ, ಅವರೂ ಐಬಿಎಂನ ಭಾರತದ ಲಿನಕ್ಸ್ ಗುಂಪಿನೋರೇ. ಎಷ್ಟೋ ಲಿನಕ್ಸ್ ಲ್ಯಾಪ್‌ಟಾಪ್‌ಗಳು (ಎಲ್ಲವೂ ಅಲ್ಲ) ಮುಚ್ಚಿದಾಗ ನಿದ್ದೆಗೆ ಹೋಗೋ ಮುಂಚೆ ಒಂದು ಪ್ರೊಸೆಸರ್ ಬಿಟ್ಟು ಮಿಕ್ಕಿದ್ದನ್ನೆಲ್ಲ ಹೀಗೇ ಕೆಲಸದಿಂದ ಇಳಿಸುತ್ತವೆ. ಸರ್ವರ್ ರೂಮ್‌ನ ಪಾಠ ನಿಮ್ಮ ಬ್ಯಾಗಿನಲ್ಲೂ ಇದೆ.

ಎಲೆಕ್ಟ್ರಾನಿಕ್ ಸಿಟಿಯ ಇತಿಹಾಸ ಅಂದ್ರೆ ನಾವು ಸಾಮಾನ್ಯವಾಗಿ ಕೇಳೋದು ಆರ್.ಕೆ. ಬಾಳಿಗ ಅವರ ಕನಸು, ಕಿಯೋನಿಕ್ಸ್, 1978, 332 ಎಕರೆ. ವೈಟ್‌ಫೀಲ್ಡ್ ಅಂದ್ರೆ ಐಟಿಪಿಎಲ್ ಕಟ್ಟಡ, ಟ್ರಾಫಿಕ್. ಎಲ್ಲ ಎಕರೆ ಮತ್ತು ಕಟ್ಟಡದ ಲೆಕ್ಕ. ಒಳಗೆ ಏನು ಬರೆದ್ರು, ಅದು ಎಲ್ಲೆಲ್ಲಿ ಓಡ್ತಿದೆ ಅನ್ನೋ ಲೆಕ್ಕ ಕನ್ನಡದಲ್ಲಿ ಸಿಗೋದು ಕಮ್ಮಿ. ಬೆಂಗಳೂರಿಗರು ಬೇರೆಯವರ ಕೋಡ್ ನೋಡ್ಕೊಳ್ಳೋರು ಮಾತ್ರ ಅನ್ನೋ ಮಾತು ಮಾತ್ರ ಬೇಕಾದಷ್ಟು ಕೇಳ್ತೀವಿ.

ಆ ಮಾತಿಗೆ ಜಗಳ ಆಡಬೇಕಿಲ್ಲ. ಲಿನಕ್ಸ್ ಕರ್ನಲ್‌ನ ಕೋಡ್ ಪೂರ್ತಿ ಬಯಲಲ್ಲಿದೆ. ಯಾವ ಸಾಲು, ಯಾರು, ಯಾವ ದಿನ, ಯಾಕೆ, ಎಲ್ಲ ದಾಖಲಾಗಿದೆ. ಹೊಗಳಿಕೆ ಬೇಡ, ಓದಿದ್ರೆ ಸಾಕು. ಮನೀಷ್ ಸೋನಿ ಪ್ಯಾಚ್ ಎಷ್ಟು ಸಲ ವಾಪಸ್ ಬಂತು, ಮೇಂಟೇನರ್‌ಗಳು ಏನು ಆಕ್ಷೇಪ ಎತ್ತಿದ್ರು, ಅದಕ್ಕೆ ಅವರು ಹೇಗೆ ಉತ್ತರ ಕೊಟ್ಟರು, ಎಲ್ಲ ಅಲ್ಲಿದೆ. ಕಾಲೇಜಿನ ಯಾವ ಪುಸ್ತಕಕ್ಕಿಂತಲೂ ಅದು ಹೆಚ್ಚು ಕಲಿಸುತ್ತೆ.

ಅಲ್ಲಿ ಇನ್ನೊಂದು ವಿಷಯವೂ ಕಣ್ಣಿಗೆ ಬೀಳುತ್ತೆ. ಡಿಸ್ಕ್ ತೆಗೆಯುವಾಗ ಆಗೋ ತೊಂದರೆಗಳಿಗೆ ಇವತ್ತಿಗೂ ತಿದ್ದುಪಡಿ ಬರ್ತಾನೇ ಇದೆ. ಡಿಸ್ಕ್ ವೇಗ ಹೆಚ್ಚಿದ ಹಾಗೆಲ್ಲ, ಪ್ರೊಸೆಸರ್ ಸಂಖ್ಯೆ ಹೆಚ್ಚಿದ ಹಾಗೆಲ್ಲ, ಟೋಕನ್ ತಗೊಂಡು ವಾಪಸ್ ಕೊಡೋಕೆ ಮರೆತಿರೋ ಯಾವುದೋ ಮೂಲೆ ಸಿಗುತ್ತೆ. ಯಾರೋ ಅದನ್ನ ಹುಡುಕಿ ಎರಡು ಸಾಲು ಬದಲಾಯಿಸಿ ಕಳಿಸ್ತಾರೆ. ಅದಕ್ಕೆ ದೊಡ್ಡ ಕಂಪನಿಯ ಐಡಿ ಕಾರ್ಡ್ ಬೇಕಿಲ್ಲ. ಒಂದು ಹಳೇ ಪಿಸಿ, ಎರಡು ಹಳೇ ಸಾಟಾ ಡಿಸ್ಕ್, ತಾಳ್ಮೆ ಇದ್ರೆ ಹಾಸ್ಟೆಲ್ ರೂಮಿನಲ್ಲೇ ಕೂತು ನೋಡಬಹುದು.

ಯಾರಾದ್ರೂ ಟ್ರೈ ಮಾಡಿದ್ರೆ ಕಾಮೆಂಟ್‌ನಲ್ಲಿ ಹೇಳಿ. ಡಿಸ್ಕ್ ಹಾಕಿದಾಗ ಏನಾಯ್ತು ಅನ್ನೋದಕ್ಕಿಂತ, ತೆಗೆದಾಗ ಲಾಗ್‌ನಲ್ಲಿ ಏನು ಬಂತು ಅನ್ನೋದನ್ನ ಬರೀರಿ.

#ಕನ್ನಡದಲ್ಲಿಕಂಪ್ಯೂಟರ್ #ಲಿನಕ್ಸ್ #ಬೆಂಗಳೂರುಇತಿಹಾಸ #ಹಾಟ್‌ಸ್ವ್ಯಾಪ್